ಕುರಿಗಳಿಗೆ ಕೇಳಿಸದ ಗಾಡಿ

ಗೆಳೆಯರೇ, ಪೆಟ್ರೋಲ್ ಗಾಡಿಯ ಪರವಾದ ನನ್ನ ಒಂದು ತಿಂಗಳ ವಾದವನ್ನು ಇವತ್ತು ಬೆಳಿಗ್ಗೆ ಗುಡೇಕೋಟೆ ರಸ್ತೆಯ ಕುರಿಗಳು ಇನ್ನೇನು ಸೋಲಿಸಿಯೇಬಿಟ್ಟಿದ್ದವು.

ನಾವೊಂದು ಸಣ್ಣ ಎಸ್‌ಯುವಿ ಕೊಳ್ಳಬೇಕು. ನಮ್ಮವರಿಗೆ ಡೀಸೆಲ್ಲೇ ಆಗಬೇಕು. ಆದರೆ ದಿನಾ ಕೂಡ್ಲಿಗಿಯಿಂದ ಕೊಟ್ಟೂರಿನ ಕಾಲೇಜಿಗೆ ಓಡಿಸುವವಳು ನಾನು. ನನಗೆ ಸದ್ದಿಲ್ಲದ ಗಾಡಿ ಬೇಕು.

ಶೋರೂಮಿನವರು ಓಡಿಸಿ ನೋಡಲು ಪೆಟ್ರೋಲಿನದು ಕೊಟ್ಟಿದ್ದರು. "ನೋಡಿ, ಸದ್ದೇ ಇಲ್ಲ" ಎಂದು ಪಕ್ಕದಲ್ಲಿ ಕೂತಿದ್ದ ನಮ್ಮವರೆದುರು ನಾನು ಬೀಗುವಷ್ಟರಲ್ಲಿ ಮುಂದೆ ರಸ್ತೆ ತುಂಬ ಕುರಿ. ಹಿಂದೆಯೇ ಹೋಗಿ ನಿಂತೆ. ಒಂದೂ ತಿರುಗಿ ನೋಡಲಿಲ್ಲ. ಹಾರ್ನ್ ಹೊಡೆದರೆ ಪಾಪ ಬೆದರುತ್ತವೇನೋ ಎಂದು ಯೋಚಿಸುತ್ತ ಕೂತೆ.

ಕುರಿ ಕಾಯುವ ಅಜ್ಜ ಕಿಟಕಿಗೆ ಬಂದ. "ಯಾಕವ್ವಾ, ಗಾಡಿ ಕೆಟ್ಟೈತೇನು?"

"ಇಲ್ಲಜ್ಜ, ಚಾಲೂ ಐತಿ."

ಅವನು ನಂಬಲಿಲ್ಲ. ಜ್ವರ ನೋಡುವವನಂತೆ ಬಾನೆಟ್ ಮೇಲೆ ಅಂಗೈ ಇಟ್ಟ. "ಮೈ ಬೆಚ್ಚಗೈತಿ, ಉಸಿರಿಲ್ಲ. ಚಾಲೂ ಇದ್ರ ನಮ್ಮ ಕುರಿ ದಾರಿ ಬಿಡ್ತಿದ್ವಲ್ಲ! ನಾಚಿಕಿ ಬ್ಯಾಡ ಬಿಡವ್ವ, ನೂಕ್ತೀನಿ" ಎಂದು ಹಿಂದಕ್ಕೆ ಹೋಗಿ ನೂಕತೊಡಗಿದ.

ನಮ್ಮವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಡೀಸೆಲ್ ಆಗಿದ್ರ ಅರ್ಧ ಮೈಲಿಯಿಂದ್ಲೇ ದಾರಿ ಬಿಡ್ತಿದ್ವು. ಈಗರ ಒಪ್ಕೋ."

ಒಪ್ಪಿಕೊಳ್ಳಬೇಕೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಇಷ್ಟು ದಿನ ನಾನೂ ಮೆಲ್ಲಗೇ ವಾದಿಸಿದ್ದೆನಲ್ಲ. ಮನೆಗೆ ಬಂದವಳೇ, ನೆರೆಯವರು ಹೊರಬಂದು ನೋಡುವ ಹಾಗೆ, "ನನಗೆ ಪೆಟ್ರೋಲೇ ಬೇಕು!" ಎಂದೆ.

ನಮ್ಮವರು ಥಟ್ಟನೆ ದಾರಿ ಬಿಟ್ಟರು.