ಅಲೀಮಮ್ಮನ ಹಿತ್ತಿಲಿನ ನಾಗ

ಅಲೀಮಮ್ಮನ ಬಗ್ಗೆ ಬರೆಯಲು ಕೂತರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕಾಗುತ್ತದೆ. ಅದು ಆಮೇಲೆ. ಮೊದಲು ಅವಳು.

ನಂತೂರಿನ ಹೆದ್ದಾರಿಯಿಂದ ಕೆಳಗಿಳಿಯುವ ಓಣಿಯಲ್ಲಿ, ನಮ್ಮ ಮನೆಯಿಂದ ನೂರು ಹೆಜ್ಜೆಗೆ ಅವಳ ಮನೆ. ಎಂಟು ಸೆಂಟ್ಸ್ ಜಾಗ, ಒಂದು ಬಾವಿ, ಹಿಂದೆ ರೆಂಜೆ ಮರದ ಬುಡದಲ್ಲಿ ಒಂದು ನಾಗನ ಕಲ್ಲು. ವಯಸ್ಸು ಅರವತ್ತೆಂಟು ಎಂದು ಆಧಾರ್ ಕಾರ್ಡ್ ಹೇಳುತ್ತದೆ, ಅವಳು ಒಪ್ಪುವುದಿಲ್ಲ. ಗಂಡ ಇಲ್ಯಾಸ್ ಹಂಪನಕಟ್ಟೆಯಲ್ಲಿ ಕೊಡೆ, ಬ್ಯಾಗು ಮಾರುತ್ತಿದ್ದರು. ತೀರಿಹೋಗಿ ಒಂಬತ್ತು ವರ್ಷ. ಮಗಳು ಜಸೀಲಾ ಹಾಲ್‌ನಲ್ಲೇ ಎರಡು ಮೆಷಿನ್ ಇಟ್ಟುಕೊಂಡು ಓಣಿಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಾಳೆ. ಅಲೀಮಮ್ಮ ಚೌಕಾಶಿಗೆ ನಿಂತಳೆಂದರೆ ಮೀನಿನವನು ದೇವರ ಹೆಸರು ಹೇಳಲು ಶುರುಮಾಡುತ್ತಾನೆ. ಕನ್ನಡ ಓದಲು ಬಾರದು. ಕಾಗದಪತ್ರ ಏನೇ ಬರಲಿ, ‘ಟೀಚರೇ, ಇದೆಂತ ನೋಡಿ’ ಎಂದು ನನ್ನ ಜಗಲಿಗೆ ಬರುತ್ತಿದ್ದಳು.

ಆ ಜಾಗ ಒಂದು ಕಾಲಕ್ಕೆ ನಮ್ಮ ಅಜ್ಜನದು. ಇಲ್ಯಾಸರ ತಂದೆ ಅಲ್ಲಿ ಗೇಣಿಗೆ ಬೇಸಾಯ ಮಾಡುತ್ತಿದ್ದರು. ಉಳುವವನಿಗೇ ಜಾಗ ಎಂಬ ಭೂಸುಧಾರಣೆಯ ಡಿಕ್ಲರೇಷನ್ ಬಂದಾಗ ಅದು ಅವರ ಹೆಸರಿಗಾಯಿತು. ನಮ್ಮ ತಂದೆ ಅರ್ಚಕರು. ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಅದೇ ಬಾವಿಯಿಂದ ನೀರು ಸೇದಿ ನಾಗನಿಗೆ ಎರೆದು ಬಂದರಂತೆ. ಅವರು ಹೋದ ಮೇಲೆ ನಾವ್ಯಾರೂ ಆ ಕಡೆ ತಲೆ ಹಾಕಲಿಲ್ಲ. ನಾಗರಪಂಚಮಿಯಂದು ನನ್ನ ಅಣ್ಣ ಹರಿದಾಸನಿಗೆ ದೇವಸ್ಥಾನದಲ್ಲಿ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿರುತ್ತಿರಲಿಲ್ಲ, ನನಗೆ ಶಾಲೆ. ಊರವರ ನಾಗನಿಗೆಲ್ಲ ಹಾಲೆರೆದು ನಮ್ಮ ನಾಗನನ್ನೇ ಮರೆತ ಘನಂದಾರಿ ಮನೆತನ ನಮ್ಮದು!

ಅಲೀಮಮ್ಮ ಮರೆಯಲಿಲ್ಲ. ಅವಳು ಆ ಕಲ್ಲನ್ನು ಪೂಜಿಸಿದವಳಲ್ಲ, ಮುಟ್ಟಿದವಳೂ ಅಲ್ಲ. ಆದರೆ ಮೀನು ತೊಳೆದ ನೀರನ್ನು ಆ ಕಡೆ ಚೆಲ್ಲಲು ನಲವತ್ತು ವರ್ಷ ಯಾರಿಗೂ ಬಿಟ್ಟಿಲ್ಲ. ರೆಂಜೆ ಮರಕ್ಕೆ ಕತ್ತಿ ಮುಟ್ಟಿಸಲೂ ಬಿಟ್ಟಿಲ್ಲ. ಯಾಕೆಂದು ಕೇಳಿದರೆ, ‘ಮಾಮಿ ಹೇಳಿ ಹೋಗಿದ್ದಾರೆ ಟೀಚರೇ, ಅದು ಹಾಗೇ ಇರ್ಲಿ ಅಂತ’ ಎಂದು ಅತ್ತೆಯ ಮಾತು ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಜಸೀಲಾ ಬಾವಿಯ ಆಚೆಗೆ ಹೊಲಿಗೆಗೆಂದು ಒಂದು ಕೋಣೆ ಕಟ್ಟಿಸಲು ಪರವಾನಗಿಗೆ ಅರ್ಜಿ ಹಾಕಿದಳು. ಮರದಿಂದ ಹತ್ತು ಅಡಿ ಬಿಟ್ಟೇ ಗುರುತು ಹಾಕಿಸಿದ್ದಳು. ಮಳೆಗಾಲದಲ್ಲಿ ಹಾಲ್ ಸೋರಿ ಗಿರಾಕಿಗಳ ಬಟ್ಟೆ ಹಾಳಾಗಿ, ಇದ್ದ ಗಿರಾಕಿಗಳೂ ಬಿಟ್ಟುಹೋಗುತ್ತಿದ್ದರು. ಆ ಕೋಣೆಯಾಗದಿದ್ದರೆ ಮೆಷಿನ್ ಮಾರುವುದೇ ಎಂದು ತಾಯಿ ಮಗಳು ಕಂಗಾಲಾಗಿದ್ದರು.

ಅದೇ ಹೊತ್ತಿಗೆ ಕೊಡಿಯಾಲ್‌ಬೈಲಿನ ಫ್ಲ್ಯಾಟಿನಲ್ಲಿ ನನ್ನ ಚಿಕ್ಕಪ್ಪನ ಮಗ, ಬ್ಯಾಂಕ್ ಅಧಿಕಾರಿ ಕೃಷ್ಣಕಿಶೋರ್, ಜ್ಯೋತಿಷಿಯನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡಿಸಿದ. ಅವನ ಮಗಳು ಕೃತಿಗೆ ಮದುವೆ ಕೂಡಿಬರುತ್ತಿರಲಿಲ್ಲ. ಬಂದ ಮೂರು ಗಂಡುಗಳನ್ನೂ ಅವಳೇ ಬೇಡವೆಂದರೆ ನಾಗ ಪಾಪ ಎಂತ ಮಾಡಬೇಕು? ಪ್ರಶ್ನೆಯಲ್ಲಿ ಕಂಡದ್ದು, ಕುಟುಂಬದ ಮೂಲನಾಗ ಪರರ ಕೈಯಲ್ಲಿ ಸಿಕ್ಕಿಬಿದ್ದಿದೆ ಎಂದು. ಒಂದು ಸಂಜೆ ಕೃಷ್ಣಕಿಶೋರ್ ಕಾಗದ ಹಿಡಿದು ಬಂದ. ‘ಅಕ್ಕ, ನಾಗನ ಪೂಜೆ ಹಕ್ಕಿನದ್ದು, ಒಂದು ಸೈನ್ ಹಾಕಿ.’ ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ಓದದೆ ಸಹಿ ಹಾಕಿದೆ. ಓದದೆ ಸಹಿ ಹಾಕಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವಳು ನಾನು.

ಒಂದು ತಿಂಗಳಿಗೆ ಅಲೀಮಮ್ಮ ಪಾಲಿಕೆಯಿಂದ ಬಂದ ತಕರಾರು ಅರ್ಜಿಯ ಲಕೋಟೆ ಹಿಡಿದು ಜಗಲಿಗೆ ಬಂದಳು. ನಾನು ಗಟ್ಟಿಯಾಗಿ ಓದಿದೆ. ಸದರಿ ಜಾಗ ಅರ್ಜಿದಾರರ ಪೂರ್ವಜರ ಮೂಲಸ್ಥಾನ, ಧರ್ಮದ ಪ್ರಕಾರ ಕುಟುಂಬಕ್ಕೇ ಸೇರತಕ್ಕದ್ದು, ಅಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡಬಾರದು. ಕೆಳಗೆ ಸಹಿಗಳು. ಎರಡು ಹೆಸರು ಓದಿದೆ. ಮೂರನೆಯದಕ್ಕೆ ನಾಲಿಗೆ ಏಳಲಿಲ್ಲ.

‘ಮತ್ತೆ?’ ಎಂದಳು.

‘ನೀರಜಾಕ್ಷಿ’ ಎಂದು ನನ್ನದೇ ಹೆಸರು ಓದಿದೆ.

‘ಜಸೀಲಾ ನಿನ್ನೆಯೇ ಓದಿ ಹೇಳಿದ್ದಾಳೆ. ನನಗೆ ನಿಮ್ಮ ಬಾಯಿಂದ ಕೇಳ್ಬೇಕಿತ್ತು.’ ಅಷ್ಟು ಹೇಳಿ ಕಾಗದ ಮಡಚಿಕೊಂಡು ಮೆಟ್ಟಿಲಿಳಿದಳು. ನಾಲ್ಕು ಬೈದಿದ್ದರೆ ಆಗುತ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ. ನಾಚಿಕೆಯಿಂದ ಮುಖ ಉರಿಯುತ್ತಿತ್ತು.

ಮರುದಿನ ನಾನೇ ಹೋದೆ. ಅಲ್ಲಿ ಅವಳ ಅಣ್ಣನ ಮಗ ಖಾಲಿದ್ ಕೂತು ಗುಡುಗುತ್ತಿದ್ದ. ‘ನಮ್ಮವರು ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದು ಈ ಊರಿನಲ್ಲಿ ವ್ಯಾಪಾರ ಮಾಡಿದವರು. ಇದು ನಮ್ಮ ಮಣ್ಣು, ಗೊತ್ತುಂಟಾ?’

‘ಸುಮ್ಮನಿರು ಮಾರಾಯ!’ ಅಲೀಮಮ್ಮ ಗದರಿದಳು. ‘ಸಾವಿರ ವರ್ಷದ್ದು ಹೇಳ್ತಾನೆ, ಅವನ ಮನೆಯ ಗ್ಯಾಸ್ ಯಾವಾಗ ಬಂದದ್ದು ಅಂತ ಅವನಿಗೆ ಗೊತ್ತಿಲ್ಲ. ನನಗೆ ಸಾವಿರ ವರ್ಷ ಬೇಡ. ನನ್ನ ಮಾವ ಇಲ್ಲಿ ಬೆವರು ಸುರಿಸಿದ್ದಾರೆ, ಸರ್ಕಾರ ಕಾಗದ ಕೊಟ್ಟಿದೆ, ನಾನು ಮಕ್ಕಳನ್ನು ಸಾಕಿದ್ದೇನೆ. ಅಷ್ಟು ಸಾಕು.’ ಮತ್ತೆ ನನ್ನ ಕಡೆ ತಿರುಗಿ, ‘ಪೂಜೆಗೆ ಬನ್ನಿ ಟೀಚರೇ, ಗೇಟಿಗೆ ಬೀಗ ಹಾಕಿದ್ದೇನಾ? ನಿಮ್ಮ ನಾಗ ಅಂತ ನನ್ನ ಮನೆ ಕೇಳ್ಬೇಡಿ’ ಎಂದಳು.

ನಾನು ಅಣ್ಣನನ್ನು ಎಳೆದುಕೊಂಡೇ ಕೊಡಿಯಾಲ್‌ಬೈಲಿಗೆ ಹೋದೆ. ತಲೆ ಕಾದ ಮಂಡೆಬೆಚ್ಚದಲ್ಲಿ ಬಾಗಿಲಲ್ಲೇ ಜಗಳ ಶುರುಮಾಡಿದೆ.

‘ಅಕ್ಕ, ಅದು ನಮ್ಮ ಪೂರ್ವಜರ ಜಾಗ’ ಎಂದ ಕೃಷ್ಣಕಿಶೋರ್.

‘ಯಾವ ಪೂರ್ವಜರು? ಉತ್ತರದ ಅಹಿಚ್ಛತ್ರದಿಂದ ನಮ್ಮನ್ನು ರಾಜ ಇಲ್ಲಿಗೆ ಕರೆತಂದ ಅಂತ ಹೆಮ್ಮೆಯಿಂದ ಹೇಳಿಕೊಳ್ಳೋದು ನಾವೇ ಅಲ್ವಾ? ನಾವು ಬರುವಾಗ ಇಲ್ಲಿ ಯಾರೂ ಇರ್ಲಿಲ್ವಾ? ಅವರ ಮಕ್ಕಳು ಬಂದು ನಿನ್ನ ಫ್ಲ್ಯಾಟ್ ಕೇಳಿದರೆ ಬೀಗದ ಕೈ ಕೊಡ್ತೀಯಾ?’

‘ಮತ್ತೆ ನಾಗ?’

ಹರಿದಾಸಣ್ಣ ಕೆಮ್ಮಿದ. ‘ತಂದೆಯವರು ಪ್ರತಿ ಸಲ ಇಲ್ಯಾಸನ ಅಪ್ಪನ ಹತ್ತಿರ ಅಪ್ಪಣೆ ಕೇಳಿಯೇ ಹಾಲೆರೆದದ್ದು. ಜಾಗದವರ ಅಪ್ಪಣೆ ಇಲ್ಲದೆ ನಮ್ಮಲ್ಲಿ ನಾಗನ ಪೂಜೆ ಶುರುವಾಗ್ಲಿಕ್ಕಿಲ್ಲ. ನಾನೀಗ ಅಲ್ಲಿ ನಿಂತು ಯಾರ ಹತ್ತಿರ ಕೇಳ್ಬೇಕು? ನಿನ್ನ ಹತ್ತಿರವಾ? ಆ ಮರ ಯಾವುದು ಅಂತ ಗೊತ್ತುಂಟಾ ನಿನಗೆ?’

ಒಳಗಿನಿಂದ ಕೃತಿ ಬಂದಳು. ‘ಅಪ್ಪ, ನನ್ನ ಮದುವೆಗೋಸ್ಕರ ಇನ್ನೊಬ್ಬರ ಮಗಳ ಕೆಲಸ ನಿಲ್ಲಿಸೋದಾ? ಹಾಗಿದ್ದರೆ ನನಗೆ ಮದುವೆಯೇ ಬೇಡ, ಹೋಗಿ.’ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು.

ತಕರಾರು ಹಿಂದಕ್ಕೆ ಪಡೆಯಲು ಹನ್ನೊಂದು ಸಹಿ ಬೇಕಿತ್ತು. ಮೊದಲನೆಯದು ನನ್ನದು, ಈ ಸಲ ಎರಡು ಸಲ ಓದಿ ಹಾಕಿದೆ. ಕೃಷ್ಣಕಿಶೋರ್ ಎಲ್ಲರ ಕೊನೆಗೆ, ಗೊಣಗುತ್ತಲೇ ಹಾಕಿದ. ನಾಲ್ಕು ತಿಂಗಳಲ್ಲಿ ಪರವಾನಗಿ ಸಿಕ್ಕಿತು. ಅಲೀಮಮ್ಮ ನನ್ನೊಡನೆ ಮಾತಾಡಲು ಮಾತ್ರ ಮತ್ತೂ ಎರಡು ತಿಂಗಳು ತೆಗೆದುಕೊಂಡಳು. ತೆಗೆದುಕೊಳ್ಳಲಿ, ನನಗದು ಆಗಬೇಕಾದ್ದೇ.

ಕಳೆದ ನಾಗರಪಂಚಮಿಗೆ ಹರಿದಾಸಣ್ಣ ದೇವಸ್ಥಾನದ ಕೆಲಸವನ್ನು ಮಗನಿಗೆ ಒಪ್ಪಿಸಿ ಬಂದ. ನಾವು ಹದಿನಾರು ಜನ ಅಲೀಮಮ್ಮನ ಗೇಟಿನಿಂದಲೇ ಒಳಗೆ ಹೋದೆವು. ಕೃಷ್ಣಕಿಶೋರನ ಕೈಯಲ್ಲಿ ಅಭಿಷೇಕದ ಎಳನೀರು. ಅಣ್ಣ ಕಲ್ಲಿನ ಎದುರು ನಿಂತವನು ಹಿಂದೆ ತಿರುಗಿದ. ತಲೆಗೆ ಶಾಲು ಎಳೆದುಕೊಂಡು ಹಿಂಬಾಗಿಲ ಮೆಟ್ಟಿಲಲ್ಲಿ ಅಲೀಮಮ್ಮ ನಿಂತಿದ್ದಳು.

‘ಜಾಗದವರೇ, ಅಪ್ಪಣೆ ಉಂಟಾ?’

ಇಷ್ಟು ಜನರೆದುರು ಹಾಗೆ ಕೇಳಿಸಿಕೊಂಡು ಅವಳು ಶಾಲನ್ನು ಮತ್ತೊಮ್ಮೆ ಸರಿಮಾಡಿಕೊಂಡಳು.

‘ಉಂಟು ಸ್ವಾಮಿ, ಉಂಟು’ ಎಂದಳು. ‘ಆದರೆ ಗೇಟಿನ ಎದುರು ಯಾರದ್ದೋ ಕಾರು ಉಂಟಲ್ಲ, ಅದೊಂದು ತೆಗೀಲಿಕ್ಕೆ ಹೇಳಿ. ಜಸೀಲನ ಕೋಣೆಗೆ ಕಲ್ಲಿನ ಲಾರಿ ಬರ್ತದೆ.’

ಕೃಷ್ಣಕಿಶೋರ್ ಎಳನೀರನ್ನು ನನ್ನ ಕೈಗೆ ಕೊಟ್ಟು, ಕಾರು ತೆಗೆಯಲು ಹೋದ.