ಬಾಯಮ್ಮನ ಶುಕ್ರವಾರ

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯವರನ್ನು ಎಲ್ಲರೂ ಬಾಯಮ್ಮ ಎಂದೇ ಕರೆಯುತ್ತಿದ್ದರು. ಮದುಮಗಳನ್ನು ಸಿಂಗರಿಸಲು ಅವರು ಮನೆಮನೆಗೆ ಹೋಗುತ್ತಿದ್ದರು. ಬಾಚಣಿಗೆ, ಪೌಡರು, ಹೇರ್‌ಪಿನ್ನು ಎಲ್ಲವೂ ಒಂದು ತಗಡಿನ ಟ್ರಂಕಿನಲ್ಲಿ. ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತನಾಡುವರು. ಹುಡುಗಿ ಸ್ವಲ್ಪ ಕದಲಿದರೂ, "ಅಲ್ಲಾಡ್ಬೇಡ ಮಾರಾಯ್ತಿ, ಗಂಡ ಎಲ್ಲಿಗೂ ಓಡುವುದಿಲ್ಲ" ಎನ್ನುವರು.

ಲೈಸೆನ್ಸ್ ಇಲ್ಲದಿದ್ದರೆ ಈ ಕೆಲಸ ನಿಲ್ಲಿಸಬೇಕಾದೀತು ಎಂದು ಯಾರೋ ಹೆದರಿಸಿದರು. ಬಾಯಮ್ಮ ಟ್ರಂಕು ಹಿಡಿದುಕೊಂಡೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೊರಟರು. ಅರ್ಜಿ ಬರೆಯಲೆಂದು, ಆಗಷ್ಟೇ ಬಿ.ಎ. ಮುಗಿಸಿದ್ದ ನನ್ನನ್ನೂ ಕರೆದೊಯ್ದರು.

"ಅಂಗಡಿ ಎಲ್ಲುಂಟು?" ಎಂದು ಗುಮಾಸ್ತರು ಕೇಳಿದರು.

ಬಾಯಮ್ಮ ಟ್ರಂಕನ್ನು ಮೇಜಿನ ಮೇಲಿಟ್ಟರು. "ಇದೇ."

"ಮಾಲಕರು?"

"ನಾನು."

"ಕೆಲಸದವರು?"

"ಅದೂ ನಾನೇ."

ಗುಮಾಸ್ತರು ನಗು ತಡೆದುಕೊಂಡರು. "ಹಾಗಾದ್ರೆ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡ್ಬೇಕು ಬಾಯಮ್ಮ. ಯಾವ ದಿನ?"

ರಜೆಯೆಂಬುದು ತಮಗೂ ಉಂಟೆಂದು ಬಾಯಮ್ಮನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

"ಶುಕ್ರವಾರ" ಎಂದರು ಮೆಲ್ಲಗೆ. "ನಮ್ಮ ಕ್ರಿಶ್ಚಿಯನ್ನರಲ್ಲಿ ಶುಕ್ರವಾರ ಮದುವೆ ಇಲ್ಲ."

ಲೈಸೆನ್ಸ್ ಸಿಕ್ಕಿತು. ಮುಂದೊಂದು ಶುಕ್ರವಾರ ಪಡೀಲಿನ ಹೆಂಗಸೊಬ್ಬರು, ಮಗಳ ಫೋಟೊ ತೆಗೆಸಬೇಕು, ಬಂದು ಜಡೆ ಹಾಕಿಕೊಡಿ ಎಂದು ಕೇಳಿಕೊಂಡು ಬಂದರು. ಬಾಯಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು.

"ನಾಳೆ ಬರ್ತೇನೆ. ಇವತ್ತು ಕೆಲಸದವಳಿಗೆ ರಜೆ."

"ಎಂತ ಬಾಯಮ್ಮ, ಮಾಲಕಿ ನೀವೇ ಅಲ್ವಾ? ಅವಳಿಗೆ ಸ್ವಲ್ಪ ಹೇಳಿ ನೋಡಿ."

"ಹೇಳಿ ನೋಡಿದೆ" ಎಂದರು ಬಾಯಮ್ಮ, ಕಾಲನ್ನು ಇನ್ನಷ್ಟು ಚಾಚಿ. "ಅವಳು ಕೇಳುವುದಿಲ್ಲ."