ಹೆಸರು ಹಾಕಿಸದ ಡಬ್ಬಿ

ನನ್ನ ತಮ್ಮ ಗೆದ್ದು ತಂದ ಸ್ಟೀಲ್ ಡಬ್ಬಿಗೆ ನಾನು ಅವನ ಹೆಸರು ಹಾಕಿಸಿಕೊಡಲಿಲ್ಲ. ಇಷ್ಟೇನಾ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಇವತ್ತು ಶಿಡ್ಲಘಟ್ಟದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಮಿಷನ್ನಿನ ಟರ್ ಸದ್ದು ಕೇಳಿ ಅಲ್ಲೇ ನಿಂತುಬಿಟ್ಟೆ.

ತಮ್ಮ ಮಂಜ ನನ್ನ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದವನು. ಬಿಸಿನೀರಲ್ಲಿ ಬೆಂದ ಕೈಗೆಂದು ಶುರುವಾದ ನೋವಿನ ಮಾತ್ರೆ ಚಟವಾಗಿ ಅವನನ್ನೇ ತಿನ್ನತೊಡಗಿತು. ಚಿಕ್ಕಬಳ್ಳಾಪುರದಲ್ಲಿ ಚಟ ಬಿಡಿಸುವ ಕಡೆ ಕರೆದುಕೊಂಡು ಹೋದೆ. ಅಲ್ಲೊಂದು ಪದ್ಧತಿ. ಪರೀಕ್ಷೆಯಲ್ಲಿ ಮಾತ್ರೆ ನುಂಗಿಲ್ಲವೆಂದು ಬಂದರೆ ಮಡಕೆಯಿಂದ ಒಂದು ಚೀಟಿ ಎತ್ತಬಹುದು. ಸೋಪೋ, ಟವೆಲ್ಲೋ, ಒಮ್ಮೊಮ್ಮೆ ಬರೀ 'ಭೇಷ್' ಎಂಬ ಮಾತೋ ಬರುತ್ತದೆ. ಮಕ್ಕಳಿಗೆ ಪೆಪ್ಪರ್‌ಮೆಂಟ್ ಕೊಟ್ಟ ಹಾಗೆ ಎಂದು ನಕ್ಕೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒಂದು ಬಹುಮಾನವನ್ನೂ ಮುಟ್ಟಿದವಳಲ್ಲ. ನಗುವುದಕ್ಕೆ ಮಾತ್ರ ಮುಂದು.

ಒಂದು ದಿನ ಬಾಗಿಲಲ್ಲೇ ಕೂಗಿದ. "ಅಕ್ಕಾ, ಡಬ್ಬಿ ಬಂತು! ನನ್ನ ಹೆಸ್ರು ಹಾಕ್ಸಿಕೊಡು."

"ಏನಂತ ಹಾಕ್ಸಲೋ? ಮಾತ್ರೆ ಬಿಟ್ಟ ಮಂಜ ಅಂತಲಾ?"

"ಹಂಗೇ ಹಾಕ್ಸು, ನಂಗೇನು!"

ಅಷ್ಟು ಅರಳಿದ ಮುಖ ನೋಡಿ ವರ್ಷಗಳಾಗಿದ್ದವು. ಆದರೂ ನಾಳೆ, ನಾಡಿದ್ದು ಎಂದೆ. ನಮ್ಮ ಮನೆಗಳಲ್ಲಿ ಹೆಸರಿಲ್ಲದ ಪಾತ್ರೆ ಯಾರದೂ ಅಲ್ಲ, ಮುಯ್ಯಿಗೆ ಸಲ್ಲುತ್ತದೆ. ಪಕ್ಕದ ಮನೆಯ ಮಗುವಿನ ನಾಮಕರಣಕ್ಕೆ ಉಡುಗೊರೆ ತರುವುದು ಮರೆತಿದ್ದೆ. ಆ ಡಬ್ಬಿಯಲ್ಲೇ ಸಕ್ಕರೆ ತುಂಬಿ ಕೊಟ್ಟುಬಂದೆ.

ಮಂಜ ಹುಡುಕಿದ. "ಎಲ್ಲೋ ಇರ್ಬೇಕು ನೋಡಪ್ಪ" ಅಂದೆ. ಅಕ್ಕಿ ಡ್ರಮ್ಮಿನ ಹಿಂದೆ, ಮಂಚದ ಕೆಳಗೆ ಅವನು ಬಗ್ಗಿ ಬಗ್ಗಿ ನೋಡುತ್ತಿದ್ದರೆ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಆಮೇಲೆ ಅವನು ಚಿಕ್ಕಬಳ್ಳಾಪುರದ ಬಸ್ಸು ಹತ್ತಲಿಲ್ಲ. "ಅಲ್ಲೇನಿದೆ, ಬಿಡಕ್ಕ" ಅಂದ. ಮತ್ತೆ ಮಾತ್ರೆ, ಮತ್ತೆ ಜಗಳ. ಡಬ್ಬಿಯೊಂದರಿಂದ ಹೀಗಾಗುತ್ತದಾ ಎಂದು ನನ್ನನ್ನೇ ಸಮಾಧಾನ ಮಾಡಿ ಮಾಡಿ ಸಾಕಾಗಿದೆ.

ಈಗ ಮತ್ತೆ ಹೋಗತೊಡಗಿದ್ದಾನೆ. ಇವತ್ತು ನಾನೂ ಜೊತೆಗೆ ಹೋಗಿದ್ದೆ. ಚೀಟಿಯಲ್ಲಿ ಒಂದು ಲೋಟ ಬಂತು. ಬಸ್ಸಿಳಿದು ಬರುವಾಗಲೇ ಆ ಅಂಗಡಿ ಎದುರಾದದ್ದು. "ಕೊಡೋ, ಹೆಸ್ರು ಹಾಕ್ಸಣ" ಅಂದೆ.

ಮಂಜ ಲೋಟವನ್ನು ಚೀಲದೊಳಕ್ಕೆ ತಳ್ಳಿದ. "ಬ್ಯಾಡಕ್ಕ. ಮುಯ್ಯಿಗೆ ಇಟ್ಕೋ."

ಅವನಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಮಿಷನ್ ಸದ್ದು ಮಾಡುತ್ತಲೇ ಇತ್ತು. ಅದನ್ನು ಮೀರಿಸಿ ಹೇಳಬೇಕಾಯಿತು, ಅಂಗಡಿಯವರೆಲ್ಲ ತಿರುಗಿ ನೋಡಿದರು. "ಆ ಡಬ್ಬಿ ನಿಂದು ಕಣೋ. ನಿನ್ನ ಕೇಳ್ದಂಗೆ ಕೊಟ್ಟೆ, ಮೇಲೆ ಸುಳ್ಳೂ ಹೇಳ್ದೆ. ತಪ್ಪಾಯ್ತು ಕಣಪ್ಪ, ಮಂಜ."